ಡೈರಿಯ ಪರದೆಯಲ್ಲಿ ತಾನಾಗಿ ಓಡಿದ ಬಾಣ

ಮರಳೂರಿನ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಬೆಳ್ಳಂಬೆಳಗ್ಗೆಯೇ ದೀಪ ಉರಿಯುತ್ತಿದೆ. ಕೆಳಗೆ ಬನ್ನು ಬೇಯುವ ವಾಸನೆ. ಮೇಲೆ ಹೇಮಶ್ರೀ, ಕೂದಲಿನ ಒದ್ದೆ ಆರುವ ಮುಂಚೆಯೇ, ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಎದುರಿನ ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು. ಒಂದೊಂದೂ ಗುಬ್ಬಿ, ಕುಣಿಗಲ್, ಬೆಳ್ಳಾವಿ ಕಡೆಯ ಒಂದೊಂದು ಹಾಲಿನ ಡೈರಿಯ ಕಂಪ್ಯೂಟರ್. ಅಲ್ಲಿ ಏನು ಕೆಟ್ಟರೂ ಇಲ್ಲಿಂದಲೇ ಸರಿಪಡಿಸಬೇಕು, ಬೇಡದವರು ಒಳಗೆ ನುಗ್ಗದ ಹಾಗೆ ಕಾಯಬೇಕು. ಅರವತ್ತು ಡೈರಿಗೆ ಕಾವಲು ಇವರೊಬ್ಬರೇ.

"ಒಳಗೆ ಹೋಗೋ ಮುಂಚೆ ಫೋನ್ ಮಾಡ್ತೀನಿ. 'ಅಣ್ಣಾ, ಬರ್ತಾ ಇದೀನಿ, ಮೌಸ್ ಬುಡಿ' ಅಂತೀನಿ" ಎನ್ನುತ್ತಾರೆ. ಕುಣಿಗಲ್ ಹತ್ತಿರ ರಾಗಿ ಬೆಳೆಯುವ ಅಪ್ಪ ಅಂಜಿನಪ್ಪ ಕಲಿಸಿದ ಪಾಠವಂತೆ. "ಯಾರ ಮನೇಗೇ ಹೋಗು, ಬಾಗ್ಲಲ್ಲಿ ಒಂದ್ಸಲ ಕೆಮ್ಮಿ ಹೋಗು ಅನ್ನೋರು."

ಹೋದ ವರ್ಷ ಆಯುಧಪೂಜೆ ಆದ ವಾರದಲ್ಲಿ, ಕೆಮ್ಮದೆಯೇ ಒಬ್ಬ ಒಳಗೆ ಬಂದ.

ಬೆಳ್ಳಾವಿ ಬಳಿಯ ಡೈರಿಯ ಚೌಕದಲ್ಲಿ ಮೌಸಿನ ಬಾಣ ಓಡಾಡುತ್ತಿತ್ತು. ಕಾರ್ಯದರ್ಶಿ ಪುಟ್ಟರಂಗಯ್ಯನವರೇ ಇರಬೇಕು ಅಂದುಕೊಂಡರು ಹೇಮಶ್ರೀ. ಆದರೆ ಹಾಲು ಅಳೆಯುವ ಹೊತ್ತಿನಲ್ಲಿ ಅದು ರೈತರ ಬ್ಯಾಂಕ್ ಖಾತೆಗಳ ಪುಟಕ್ಕೇಕೆ ಹೋಗಬೇಕು? ಮರುದಿನವೇ ಹಾಲಿನ ಬಟವಾಡೆ. ಫೋನ್ ಎತ್ತಿಕೊಂಡರು.

"ಪುಟ್ಟರಂಗಣ್ಣಾ, ಮೌಸ್ ಹಿಡ್ಕೊಂಡಿದೀರಾ?"

"ಎಲ್ಲಿ ಹಿಡ್ಕೊಳ್ಳವ್ವಾ? ಸ್ಪೀಕರ್‌ನಾಗೆ ಮಾತಾಡ್ತಾ ಇವ್ನಿ, ಎರಡೂ ಕೈ ಹಾಲಿನ್ ಕ್ಯಾನ್ ಮ್ಯಾಲೈತೆ!"

"ನನ್ ಕೈಕಾಲು ತಣ್ಣಗಾಗೋದ್ವು" ಎಂದು ಹೇಮಶ್ರೀ ಇವತ್ತೂ ಟೀ ಲೋಟವನ್ನು ಬಿಗಿಯಾಗಿ ಹಿಡಿಯುತ್ತಾರೆ. ಅವರ ಕಣ್ಣೆದುರೇ ಲಕ್ಷ್ಮೀದೇವಮ್ಮ ಎಂಬ ಹೆಸರಿನ ಮುಂದಿನ ಖಾತೆ ಸಂಖ್ಯೆ ಒಂದೊಂದೇ ಅಂಕಿಯಾಗಿ ಅಳಿಸಿಹೋಗುತ್ತಿತ್ತು. ಎರಡು ಹಸುಗಳ ಹಾಲಿನಲ್ಲೇ ಸಂಸಾರ ತೂಗಿಸುವ ಮುದುಕಿ ಆಕೆ. ಆ ಕಾಣದ ಕೈ ಬೇರೆ ಸಂಖ್ಯೆ ತುಂಬುತ್ತ ಹೆಸರಿನಿಂದ ಹೆಸರಿಗೆ ಕೆಳಗಿಳಿದಿದ್ದರೆ ಇಡೀ ಊರಿನ ಹಾಲಿನ ದುಡ್ಡು ಯಾವನದೋ ಖಾತೆಗೆ!

ತಕ್ಷಣ ಆ ಕಂಪ್ಯೂಟರಿನ ಕೀಬೋರ್ಡನ್ನೂ ಮೌಸನ್ನೂ ಲಾಕ್ ಮಾಡಿದರು. ಪರದೆ ಕಪ್ಪಾಗಿಸಿದರು. ನುಗ್ಗಿದವನ ಸಂಪರ್ಕ ಕತ್ತರಿಸಿ ಪಾಸ್‌ವರ್ಡ್ ಬದಲಿಸಿದರು. ಅಳಿಸಿದ ಸಂಖ್ಯೆಯನ್ನು ಮತ್ತೆ ತುಂಬಿದ ಮೇಲೆಯೇ ಕುರ್ಚಿಗೆ ಒರಗಿದ್ದು.

ಕಳ್ಳನಿಗೆ ದಾರಿ ತೋರಿಸಿದ್ದು ಯಾರು ಗೊತ್ತೆ? ಕೇಳಿದವರು ಹೌಹಾರಬೇಕು. ಪುಟ್ಟರಂಗಯ್ಯನವರು ಆಯುಧಪೂಜೆಗೆ ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮವಿಟ್ಟು, ಪರದೆ ಬೆಳಗುತ್ತಿದ್ದರೆ ಲಕ್ಷಣವೆಂದು ಆನ್ ಮಾಡಿ, ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದರು. ಹಾರದ ನಡುವೆ, ದೂರದಿಂದ ಒಳಬರಲು ಬೇಕಾದ ನಂಬರೂ ಪಾಸ್‌ವರ್ಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ತೋರಣಕ್ಕೆ ಕಟ್ಟಿದ ಹಾಗೆ!

"ಪೂಜೆ ಮಾಡಿದ್ದೇ ತಪ್ಪಾಯ್ತಲ್ಲವ್ವಾ" ಎಂದು ಪಾಪ, ಹಿರಿಯರು ಅತ್ತೇಬಿಟ್ಟರಂತೆ.

"ಮಾಡಿ ಅಣ್ಣಾ, ಸ್ಕ್ರೀನ್ ಆಫ್ ಮಾಡ್ಬುಟ್ಟು ಮಾಡಿ ಅಂದೆ" ಎನ್ನುತ್ತಾರೆ ಹೇಮಶ್ರೀ. ಈಗ ಯಾವ ಡೈರಿಯ ಕಂಪ್ಯೂಟರಿಗೂ ಪಾಸ್‌ವರ್ಡ್ ಒಂದಿದ್ದರೆ ಸಾಲದು, ಇವರ ಮೊಬೈಲಿಗೆ ಬರುವ ಕೋಡ್ ಕೂಡ ಬೇಕು. ಪೊಲೀಸರಿಗೆ ದೂರು ಕೊಟ್ಟಾಗಿದೆ. ಆ ಕೈ ಯಾರದೆಂದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಯಾವ ಚೌಕದಲ್ಲಿ ಬಾಣ ಅಲುಗಿದರೂ ಹೇಮಶ್ರೀ ಮೊದಲು ಫೋನ್ ಎತ್ತಿಕೊಳ್ಳುತ್ತಾರೆ.

ಇತ್ತೀಚೆಗೆ ಮೊದಲ ಸಲ ಆ ಡೈರಿಗೆ ಹೋಗಿ ಬಂದಿದ್ದಾರೆ. ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತಿದ್ದ ಲಕ್ಷ್ಮೀದೇವಮ್ಮ ಕೇಳಿದರಂತೆ: "ಯಾರವ್ವ ನೀನು?"

"ಕಂಪ್ಯೂಟರ್ ನೋಡ್ಕೊಳ್ಳೋಳು ಕಣಜ್ಜಿ."

"ಅದ್ರಾಗೇನೈತೆ ನೋಡ್ಕೊಳ್ಳಾಕೆ? ನನ್ ಹಾಲಿನ್ ದುಡ್ಡು ಒಂದ್ಸಲಾನೂ ತಪ್ಪಿಲ್ಲ!"

ನಡೆದದ್ದನ್ನು ಹೇಮಶ್ರೀ ಅಜ್ಜಿಗೆ ಹೇಳಲಿಲ್ಲ. ಯಾಕೆಂದು ಕೇಳಿದರೆ, ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಅಜ್ಜಿ ಹಂಗೇ ಅಂದ್ಕೊಂಡಿರ್ಲಿ. ಆವತ್ತಿನ ನಡುಕ ನಂಗೊಬ್ಬಳಿಗೇ ಸಾಕು."