ತಾಯಕ್ಕನ ಸೊಪ್ಪಿನ ಅಚ್ಚು

ತಾಯಕ್ಕ ಯಾರ ಮನೆಗೆ ಬಂದರೂ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದರು. ಅವುಗಳಲ್ಲೊಂದು ಹವಾಯಿ ಚಪ್ಪಲಿಯನ್ನು ಎತ್ತಿಕೊಂಡು, ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಒಡತಿಯನ್ನು ಮಾತಾಡಿಸುತ್ತಿದ್ದರು. “ಏನವ್ವ, ಇದು ಸವೆದೋದ್ರೆ ತಿಪ್ಪೆಗೆ ಬಿಸಾಕ್ಬುಟ್ಟೀಯ. ನಂಗೆ ಮಡಗಿರು. ಒಳ್ಳೆ ರಬ್ರು ಇದು.” ಅವರು ಬಂದು ಹೋದ ಮೇಲೆ ನನಗೆ ನನ್ನ ಚಪ್ಪಲಿ ಸಾಲಕ್ಕೆ ತಂದ ವಸ್ತುವಿನ ಹಾಗೆ ಕಾಣುತ್ತಿತ್ತು.

ಅವರ ಹೆಸರು ಚಿಕ್ಕತಾಯಮ್ಮ. ಕಾಮಗೆರೆಯಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ನಾನು ಹನೂರಿನ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಸಂಜೆ ಬಸ್ಸಿಳಿದು ಬಂದರೆ ಮನೆ ಬೀಗ ತೆಗೆಯುವುದಕ್ಕೂ ಮುಂಚೆ ಅವರ ಜಗುಲಿ ಹತ್ತುತ್ತಿದ್ದೆ. ಹುಡುಗಿಯಾಗಿದ್ದಾಗ ಅವರು ಕೊಳ್ಳೇಗಾಲದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಡಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ಕೆಲಸಕ್ಕಿದ್ದರಂತೆ. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಮನೆಯಲ್ಲಿ, ಅದೇ ಕೆಲಸವನ್ನು ತಮ್ಮದೇ ರೀತಿಯಲ್ಲಿ ಶುರುಮಾಡಿದರು. ಅಕ್ಷರವನ್ನು ಪ್ರೆಸ್ಸಿನವರು ಅಚ್ಚು ಹಾಕಿ ಕೊಡುತ್ತಿದ್ದರು. ಉಳಿದದ್ದೆಲ್ಲ ಇವರ ಕೈಯದು.

ಆ ಜಗುಲಿಯಲ್ಲಿ ಅಡಿಗೆಮನೆ ಯಾವುದು, ಕೆಲಸದ ಜಾಗ ಯಾವುದು ಅಂತ ಹೇಳುವ ಹಾಗೇ ಇರಲಿಲ್ಲ. ಬೆಂಡೆಕಾಯಿ ತೊಟ್ಟು ಕುಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದೆಸಳಿನ ಹೂ. ಚಕ್ಕುಲಿ ಒರಳಿನ ಬಿಲ್ಲೆಯಿಂದ ನಕ್ಷತ್ರ. ಒಡೆದ ಬಳೆಯ ಅಂಚಿನಿಂದ ಬಳ್ಳಿಯ ಬಳುಕು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಾಚಣಿಗೆಯ ಮೇಲೆ ಎಳೆದರೆ ಸಣ್ಣ ಹನಿಗಳ ಸಿಂಪರಣೆ. ಹುಳು ತೂತು ಮಾಡಿ ಕೆಟ್ಟ ರೇಷ್ಮೆಗೂಡನ್ನು ಕತ್ತರಿಸಿ ಅಂಟಿಸಿದರೆ ಮಲ್ಲಿಗೆ ಮೊಗ್ಗು. ಚಪ್ಪಲಿ ರಬ್ಬರನ್ನು ಬ್ಲೇಡಿನಲ್ಲಿ ಕೆತ್ತಿ, ಪಂಕ್ಚರ್ ಅಂಗಡಿಯ ಸೊಲ್ಯೂಷನ್ನಿನಲ್ಲಿ ಮರದ ತುಂಡಿಗೆ ಅಂಟಿಸಿದರೆ ಗಿಳಿ, ಮಾವಿನಕಾಯಿ, ಬಾಳೆಗೊನೆ. ಪಾಲಿಶ್ ಡಬ್ಬಿಯಲ್ಲಿ ಹಳೆಯ ರವಿಕೆ ಬಟ್ಟೆ ಮಡಿಸಿಟ್ಟು ಬಣ್ಣ ಸುರಿದರೆ ಅದೇ ಸ್ಟ್ಯಾಂಪ್ ಪ್ಯಾಡು.

ಗಣೇಶನ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಗಣೇಶನನ್ನೂ ರಬ್ಬರಿನಲ್ಲೇ ಕೆತ್ತಿಟ್ಟುಕೊಂಡರೆ ಪ್ರತಿ ಸಲದ ತಾಪತ್ರಯ ತಪ್ಪುತ್ತಲ್ಲ ಅಂತ ಒಮ್ಮೆ ಹೇಳಿ ಬೈಸಿಕೊಂಡೆ. “ಕಾಲ್ಗಾಕಂಡ್ ಮೆಟ್ಟಿರೋ ರಬ್ರಲ್ಲಿ ಗಣೇಸುನ್ನ ಕುಯ್ಯಕ್ಕಾದ್ದಾ? ಓದ್ದೋಳು ಆಡೋ ಮಾತಾ ಇದು?” ಅದಕ್ಕೇ ಪ್ರತಿ ಮದುವೆಗೂ ಹೊಸ ಆಲೂಗೆಡ್ಡೆ, ಹೊಸ ಗಣೇಶ. ಕೆಲಸ ಮುಗಿದ ಮೇಲೆ ಆ ಬಣ್ಣ ಮೆತ್ತಿದ ಗೆಡ್ಡೆಯನ್ನು ಕಸಕ್ಕೆ ಹಾಕುವಂತಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಕಾಲುವೆಗೆ ಹೋಗಿ ಬಿಟ್ಟು, ಕೈ ಮುಗಿದು ಬರುತ್ತಿದ್ದರು. ನಾನು ಹಿಂದೆ ನಿಂತು ನಗುತ್ತಿದ್ದೆ.

ಅವರಿಗಿದ್ದ ಹೆಮ್ಮೆ ಒಂದೇ. ತಮ್ಮ ಕಾರ್ಡನ್ನು ಯಾರೂ ಎಸೆಯುವುದಿಲ್ಲ ಅನ್ನುವುದು. ಅದು ನಿಜ ಕೂಡ. ಮದುವೆ ಮುಗಿದು ಆ ದಂಪತಿಗಳ ಮಕ್ಕಳು ಸ್ಕೂಲಿಗೆ ಹೋಗುವಷ್ಟಾದರೂ ತಾಯಕ್ಕನ ಕಾರ್ಡು ಕನ್ನಡಿಯ ಚೌಕಟ್ಟಿಗೋ ಶೋಕೇಸಿನ ಗಾಜಿಗೋ ಸಿಕ್ಕಿಕೊಂಡಿರುತ್ತಿತ್ತು. ಯಾರ ಮನೆಗೆ ಹೋದರೂ ಅದನ್ನು ಹುಡುಕಿ, ಕಂಡರೆ ಕಾಣದವರ ಹಾಗೆ ಕೂತು ಕಾಫಿ ಕುಡಿಯುತ್ತಿದ್ದರು. “ಪ್ರೆಸ್ನೋರ್ದು ಓದಕ್ಕೆ ಕಣವ್ವ. ನಮ್ದು ಮಡಿಕಳಕ್ಕೆ,” ಅನ್ನುತ್ತಿದ್ದರು.

ಈ ಹೆಮ್ಮೆಯೇ ಅವರಿಗೆ ಮುಳುವಾಯಿತು.

ನಮ್ಮ ಬೀದಿಯ ಕೊನೆಯ ಮನೆಯ ಪುಟ್ಟಮ್ಮಜ್ಜಿ ತೀರಿಕೊಂಡರು. ತಾಯಕ್ಕ ಮದುವೆಯಾಗಿ ಊರಿಗೆ ಬಂದಾಗ ಕೈ ಹಿಡಿದು ರೇಷ್ಮೆ ಹುಳು ಸಾಕುವುದನ್ನು ಕಲಿಸಿದ ಮುದುಕಿ. ತಾಯಿಗಿಂತ ಹೆಚ್ಚು. ತಿಥಿ ಕಾರ್ಡನ್ನು ತಾಯಕ್ಕ ಎಂದೂ ಮುಟ್ಟಿದವರಲ್ಲ. ಅದಕ್ಕೆ ಅರಿಶಿನವಿಲ್ಲ, ಹೂವಿಲ್ಲ, ಬರಿಯ ಕರಿ ಅಕ್ಷರ. ಬಂದವರು ಬಾಗಿಲಾಚೆ ನಿಂತು ಕೊಡುತ್ತಾರೆ, ನಾವು ಓದಿ ಅಲ್ಲೇ ಹರಿದು ಹಾಕುತ್ತೇವೆ. ಸಾವಿನ ಕಾಗದ ಹೊಸಿಲು ದಾಟಬಾರದು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು ಇದು.

ಆದರೆ ಆ ಸಲ ತಾಯಕ್ಕನ ಮನಸ್ಸು ತಡೆಯಲಿಲ್ಲ. ಅಜ್ಜಿಯ ಮಗನಿಂದ ಪ್ರೆಸ್ಸಿನ ಕಾರ್ಡುಗಳನ್ನು ಕೇಳಿ ತಂದುಕೊಂಡರು. ಅಜ್ಜಿಯ ಹೊಲದಿಂದಲೇ ಎಳೆಯ ಹಿಪ್ಪುನೇರಳೆ ಸೊಪ್ಪು ಕೊಯ್ದು, ದೀಪದ ಕಾಡಿಗೆಗೆ ಅಂಟು ಕಲಸಿ, ಎಲೆಯ ಹಿಂಬದಿಗೆ ತೆಳ್ಳಗೆ ಸವರಿ, ಪ್ರತಿ ಕಾರ್ಡಿನ ಮೂಲೆಗೂ ಒಂದೊಂದು ಎಲೆ ಒತ್ತಿದರು. ನಾನು ಆ ಸಂಜೆ ಪಕ್ಕದಲ್ಲೇ ಕೂತಿದ್ದೆ. ಎಲೆಯ ಒಂದೊಂದು ನರವೂ ಎದ್ದು ಬಂದಿತ್ತು. ಅಂಥ ಕೆಲಸ ಅವರು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. “ನಮ್ಮವ್ವ ಇದ್ನೇ ಅಲ್ವಾ ಜೀವ್ಮಾನೆಲ್ಲ ಕುಯ್ದಿದ್ದು,” ಅಂದು ಕಣ್ಣೊರೆಸಿಕೊಂಡರು.

ಕಾರ್ಡು ಹನೂರು, ರಾಮಾಪುರ, ಶಾಗ್ಯ ಎಲ್ಲ ಕಡೆಗೂ ಹೋಯಿತು. ಅಜ್ಜಿಯ ಮಗಳು ರತ್ನಮ್ಮ ಯಳಂದೂರಿನಲ್ಲಿದ್ದಳು. ಗಂಡನ ಕಡೆಯವರಿಗೆ ಹಂಚಲು ಅವಳೂ ಒಂದಿಷ್ಟು ತೆಗೆದುಕೊಂಡು ಹೋದಳು. ಹಂಚಿ ಉಳಿದ ಒಂದನ್ನು ಹರಿಯಲು ಅವಳಿಗೆ ಕೈ ಬರಲಿಲ್ಲ. ಅವ್ವನ ಹೊಲದ ಸೊಪ್ಪು. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು.

ವರ್ಷ ತುಂಬುವ ಮೊದಲೇ ರತ್ನಮ್ಮನ ಗಂಡ ಗದ್ದೆಯಿಂದ ಬಂದು, ಎದೆ ನೋವೆಂದು ಮಲಗಿದವನು ಏಳಲಿಲ್ಲ.

ಅವನಿಗೆ ಮೊದಲಿಂದ ಬಿ.ಪಿ. ಇತ್ತು, ಮಾತ್ರೆ ಸರಿಯಾಗಿ ನುಂಗುತ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಸಾವಿನ ಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಕನ್ನಡಿಯಲ್ಲಿದ್ದ ತಿಥಿ ಕಾರ್ಡು. ಅಲ್ಲಿಂದ ಮಾತು ಹೊರಟು ಬಸ್ಸಿಗಿಂತ ಮೊದಲೇ ಕಾಮಗೆರೆ ತಲುಪಿತು.

ಸೂತಕ ಕಳೆದ ಮೇಲೆ ರತ್ನಮ್ಮ ತವರಿಗೆ ಬಂದಳು. ಬಂದವಳು ತಾಯಕ್ಕನ ಜಗುಲಿಯ ಕೆಳಗೆ ನಿಂತಳು, ಮೇಲೆ ಹತ್ತಲಿಲ್ಲ. ಕೂಗಾಡಿದ್ದರೆ ನಾನೂ ಎದುರು ನಿಂತು ಜಗಳ ಆಡುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು: “ಯಾಕಕ್ಕ ಅಷ್ಟು ಸೊಗ್ಸಾಗಿ ಮಾಡ್ದೆ? ಕೆಟ್ಟದಾಗಿದ್ರೆ ಹರ್ದಾಕ್ತಿದ್ನಲ್ಲ.”

ತಾಯಕ್ಕನ ಕೈಯಲ್ಲಿ ಅರ್ಧ ಕುಯ್ದ ಬೆಂಡೆಕಾಯಿ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ಕೂತಿದ್ದರು.

ನನಗೆ ಇವತ್ತಿಗೂ ಆ ಊರಿನ ಮೇಲೆ ಸಿಟ್ಟಿದೆ, ಅದು ನನ್ನದೇ ಊರಾದರೂ. ತಾಯಕ್ಕನ ಎದುರು ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಲಗ್ನಪತ್ರಿಕೆ ಒಪ್ಪಿಸಿದ್ದ ಮನೆಯವರು ಬಂದು, “ಪ್ರೆಸ್ನೋರೇ ಎಲ್ಲ ಮಾಡ್ಕೊಡ್ತಾರಂತೆ ಕಣಕ್ಕ, ನಿಂಗ್ಯಾಕೆ ತೊಂದ್ರೆ,” ಅಂದು ಕಾರ್ಡುಗಳನ್ನು ವಾಪಸ್ಸು ತೆಗೆದುಕೊಂಡು ಹೋದರು. ಶುಭಕಾರ್ಯಕ್ಕೆ ಆ ಕೈ ಬೇಡವಾಯಿತು. ಒಂದೆರಡು ಮನೆಗಳಲ್ಲಿ ಕನ್ನಡಿಯ ಹಳೆಯ ಕಾರ್ಡುಗಳೂ ಕಾಣೆಯಾದವು. ಅದನ್ನು ಕಂಡು ಬಂದ ದಿನ ತಾಯಕ್ಕ ಊಟ ಮಾಡಲಿಲ್ಲ.

“ಬಿ.ಪಿ. ಮಾತ್ರೆ ನುಂಗ್ದೆ ಸತ್ತೋದ್ರೆ ನೀನೇನ್ ಮಾಡಕ್ಕಾದ್ದು ತಾಯಕ್ಕ? ಎಲೆ ಒತ್ತಿದ್ರೆ ಯಾರಾದ್ರೂ ಸಾಯ್ತಾರಾ?” ಅಂತ ನಾನು ರೇಗಿದೆ. ಅವರು ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು: “ನಂದೇ ತಪ್ಪು ಕಣವ್ವ. ಹರ್ಯೋ ಕಾಗ್ದ ಹರ್ಯೋ ಅಂಗಿರ್ಬೇಕು. ಅದ್ಕೂ ನನ್ನಾಸೆ ಮೆತ್ಬುಟ್ಟೆ.” ಊರು ನಂಬಿದ್ದನ್ನು ಅವರೂ ನಂಬಿಬಿಟ್ಟಿದ್ದರು.

ಆಮೇಲೆ ಗಿಳಿ, ಮಾವಿನಕಾಯಿಗಳೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹೋದವು. ಬೆಂಡೆಕಾಯಿ ಬರಿಯ ಸಾರಿಗೆ ಬಂತು. ನಮ್ಮ ಮನೆಗೆ ಬಂದರೆ ಚಪ್ಪಲಿಗಳನ್ನು ದಾಟಿಕೊಂಡು ನೇರ ಒಳಗೆ ಬರುತ್ತಿದ್ದರು. ಎಲ್ಲಕ್ಕಿಂತ ನನಗೆ ಸಂಕಟವಾಗಿದ್ದು ಅದು.

ಕೊನೆಯ ಸಲ ಮಾತಾಡಿಸಿದ್ದು ಊರಿನ ಆಸ್ಪತ್ರೆಯಲ್ಲಿ. ಮೈಯೆಲ್ಲ ಬತ್ತಿ ಹೋಗಿತ್ತು. ಹುಚ್ಚು ಧೈರ್ಯ ಮಾಡಿ ನನ್ನ ಸವೆದ ಹವಾಯಿ ಚಪ್ಪಲಿಯನ್ನು ತೊಳೆದು, ಕವರಿನಲ್ಲಿ ಸುತ್ತಿಕೊಂಡು ಹೋಗಿದ್ದೆ. “ಸವ್ದದೆ ತಾಯಕ್ಕ. ಬೇಕಾ?” ಅಂದೆ. ನೋಡಿದರು. ಹೆಬ್ಬೆರಳು ಹಿಮ್ಮಡಿಯ ಜಾಗಕ್ಕೆ ಹೋಯಿತು, ಒತ್ತಿತು. ಮುಖ ಒಂದು ಗಳಿಗೆ ಮೊದಲಿನ ಹಾಗಾಯಿತು.

“ಒಳ್ಳೆ ರಬ್ರು,” ಅಂದರು. ಆಮೇಲೆ ಅದನ್ನು ನನ್ನ ಕೈಗೇ ವಾಪಸ್ಸು ಇಟ್ಟು, “ನಂದು ಕಾರ್ಡು ಮಾಡುಸ್ತಾರಲ್ಲ, ಅದ್ಕೆ ನೀನೇನೂ ಒತ್ಬೇಡ ಕಣವ್ವ. ನಿಂಗೆ ಆಸೆ ಆಯ್ತದೆ, ನಂಗೊತ್ತು. ಬ್ಯಾಡ. ಜನ ಸಲೀಸಾಗಿ ಹರ್ದಾಕ್ಲಿ,” ಅಂದರು.

ಅವರು ತೀರಿಕೊಂಡ ಮೇಲೆ, ಶಾಗ್ಯದಲ್ಲಿದ್ದ ಅವರ ತಮ್ಮ ಆ ತಗಡಿನ ಡಬ್ಬ ತಂದು ನನ್ನ ಮುಂದಿಟ್ಟು, “ಅಕ್ಕುಂದು ಒಂದು ಹೂವಾದ್ರೂ ಇರ್ಲಿ, ಒತ್ಕೊಡಿ ಮೇಡಂ,” ಅಂದ. ಹಿತ್ತಲಲ್ಲಿ ಬೆಂಡೆಕಾಯಿ ಬಿಟ್ಟಿತ್ತು. ನಾನು ಆಗಲ್ಲ ಅಂದೆ. ಅವನು ಬೇಜಾರು ಮಾಡಿಕೊಂಡು ಹೋದ.

ಕೊಳ್ಳೇಗಾಲದ ಪ್ರೆಸ್ಸಿನಿಂದ ಬಂದ ಕಾರ್ಡನ್ನು ಅವನೇ ಬಾಗಿಲಾಚೆ ನಿಂತು ಕೊಟ್ಟ. ತೆಳ್ಳನೆಯ ಕಾಗದ, ಕರಿ ಅಕ್ಷರ, ಹೆಸರಿನಲ್ಲಿ ಒಂದು ಒತ್ತಕ್ಷರವೂ ಬಿಟ್ಟುಹೋಗಿತ್ತು. ತಾಯಕ್ಕನ ಕೈಯದು ಅಂತ ಅದರಲ್ಲಿ ಏನೇನೂ ಇರಲಿಲ್ಲ. ಹೊಸಿಲಾಚೆ ನಿಂತು ಓದಿದೆ. ಹರಿದೆ. ಅವರು ಹೇಳಿದ ಹಾಗೇ ಸಲೀಸಾಗಿ ಹರಿಯಿತು.