ಅಪ್ಪನ ಉಸಿರಿನ ಅಳತೆಯ ಮೌತ್ ಆರ್ಗನ್

ಇವತ್ತು ನಾಗಸಂದ್ರದಲ್ಲಿ ಮೆಟ್ರೊ ಇಳಿದು ಬರುವಾಗ ಯಾವುದೋ ಶೆಡ್ಡಿನಿಂದ ಮೆಷಿನ್ ಎಣ್ಣೆಯ ವಾಸನೆ ಬಂತು. ಅಪ್ಪನ ಅಂಗಿಯ ವಾಸನೆ.

ಅಪ್ಪ ಪೀಣ್ಯದ ಫೌಂಡ್ರಿಯೊಂದರಲ್ಲಿ ಗ್ರೈಂಡಿಂಗ್ ಕೆಲಸದಲ್ಲಿದ್ದರು. ಬೀಟೆ ಮರದ ತುಂಡಿಗೆ ಹಿತ್ತಾಳೆ ತಗಡು ಕೂರಿಸಿ ತಮಗೊಂದು ಮೌತ್ ಆರ್ಗನ್ ತಾವೇ ಮಾಡಿಕೊಂಡಿದ್ದರು. ಬಾಯಿ ಮುಕ್ಕಳಿಸದೆ ಅದನ್ನು ಮುಟ್ಟುತ್ತಿರಲಿಲ್ಲ. ನುಡಿಸಿದ ಮೇಲೆ ಅಂಗೈಗೆ ತಟ್ಟಿ ಎಂಜಲು ಉದುರಿಸಿ, ಅಮ್ಮನ ಹಳೇ ಸೀರೆಯ ಚೂರಿನಲ್ಲಿ ಸುತ್ತಿಡುತ್ತಿದ್ದರು.

ಫೌಂಡ್ರಿಯ ದೂಳು ಎದೆಗಿಳಿದ ಮೇಲೆ ಅದು ಅವರ ಉಸಿರಿಗೆ ನುಡಿಯದಾಯಿತು. ಅಮ್ಮ ಕಿತ್ತುಕೊಳ್ಳಲು ಹೋದಳು.

"ಸಾಕು ಬಿಡ್ರೀ, ದಮ್ಮು ಎಲ್ಲೈತೆ?"

"ದಮ್ಮು ಕಮ್ಮಿ ಆದ್ರೆ ಇದನ್ನೇ ಕಮ್ಮಿ ದಮ್ಮಿಗೆ ಮಾಡ್ತೀನಿ ಕಣೇ."

ಒಳಗೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಗಳನ್ನು ಸೂಜಿಯಿಂದ ಕೂದಲೆಳೆಯಷ್ಟು ತಗ್ಗಿಸಿದರು. ನುಡಿಯಿತು. ಉಸಿರು ಮತ್ತೂ ಕುಗ್ಗಿತು, ಅವರು ಮತ್ತೂ ತಗ್ಗಿಸಿದರು. ಕೊನೆಕೊನೆಗೆ ಸೂಜಿ ಜಾರದಿರಲೆಂದು ನಾನು ಅವರ ಮೊಣಕೈ ಹಿಡಿದುಕೊಂಡಿರುತ್ತಿದ್ದೆ. ಅಪ್ಪ ಹೋದ ಮೇಲೆ ಅದನ್ನು ಯಾರೂ ಊದಲಿಲ್ಲ.

ಇವತ್ತು ಮನೆಗೆ ಬಂದವಳೇ ಬೀರುವಿನಿಂದ ತೆಗೆದು ಜೋರಾಗಿ ಊದಿದೆ. ಸದ್ದೇ ಇಲ್ಲ. ಅಷ್ಟು ತಗ್ಗಿಸಿದ ನಾಲಿಗೆ ಜೋರು ಗಾಳಿಗೆ ಅದುರದೆ ತಗಡಿಗೇ ಕಚ್ಚಿಕೊಂಡುಬಿಡುತ್ತದೆ. ಉಸಿರನ್ನು ಸಣ್ಣದು ಮಾಡಿದೆ, ಇನ್ನೂ ಸಣ್ಣದು ಮಾಡಿದೆ. ಎದೆ ಉರಿಯತೊಡಗಿದಾಗ ಒಂದು ಸ್ವರ ಹೊರಟಿತು.

ಅಪ್ಪನಿಗೆ ಉಳಿದಿದ್ದದ್ದು ಇಷ್ಟೇ ಉಸಿರು.