ಕೈಬಿಟ್ಟ ಮನೆಯ ಬಾಗಿಲು

ಆ ಫಲಕ ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಬಚ್ಚಿಟ್ಟ ಹಾಗಾಗುತ್ತದೆ.

ಕೈರೋದಿಂದ ಬಹು ದೂರ, ದಕ್ಷಿಣದ ಕೋಮ್ ಒಂಬೊ ಕಡೆಯ ನಮ್ಮ ಸಣ್ಣ ಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷ ನನಗಿದ್ದ ಕೆಲಸ ಒಂದೇ. ಮೇಲಿನವರು ಕೊಟ್ಟ ಕಾಗದ ನೋಡಿ ವಸ್ತುಗಳ ಪಕ್ಕದ ಫಲಕಗಳನ್ನು ಚೆಂದದ ಅಕ್ಷರದಲ್ಲಿ ಬರೆಯುವುದು. ಏನು ಬರೆಯುತ್ತಿದ್ದೇನೆ ಎಂದು ಯೋಚಿಸಿದವನಲ್ಲ. ಅಕ್ಷರ ನೆಟ್ಟಗಿದೆಯೇ ಎಂದಷ್ಟೇ ನೋಡುತ್ತಿದ್ದೆ.

ನಬ್ರಾ ಅಲ್ಲಿ ಕಸ ಗುಡಿಸುತ್ತಿದ್ದಳು. ಇನ್ನೂ ದಕ್ಷಿಣದ ನದಿದಂಡೆಯ ನೂಬಿಯಾದವಳು, ಐವತ್ತಾರರ ವಯಸ್ಸು, ಸಾರಿಸಿದ ನೆಲದ ಮೇಲೆ ಯಾರಾದರೂ ಕಾಲಿಟ್ಟರೆ ಅವರ ಏಳು ತಲೆಮಾರನ್ನು ಎಳೆದು ತರುವ ಬಾಯಿ. ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟಿನ ನೀರು ಏರುವ ಮೊದಲು, ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಅವಳ ಊರನ್ನು ಪೂರ್ತಿ ಎಬ್ಬಿಸಿ ಹಡಗಿಗೆ ತುಂಬಿ ನಮ್ಮ ಕಡೆಯ ಸಿಮೆಂಟಿನ ಸಾಲುಮನೆಗಳಿಗೆ ತಂದು ಸುರಿದಿದ್ದರು. ಆಗ ಅವಳಿಗೆ ಹತ್ತು ವರ್ಷ. ಈ ವಿಷಯ ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಕೇಳಿರಲಿಲ್ಲ.

ಎರಡು ಸಾವಿರದ ಹತ್ತರ ಚಳಿಗಾಲದಲ್ಲಿ ನೂಬಿಯಾದ ಕೋಣೆಯನ್ನು ಹೊಸದಾಗಿ ಮಾಡಿದರು. ಉಗ್ರಾಣದಲ್ಲಿ ಗೋಣಿ ಸುತ್ತಿ ಮಲಗಿಸಿದ್ದ ಒಂದು ಬಾಗಿಲು ಮೇಲೆ ಬಂತು. ಚೌಕಟ್ಟಿನ ಸಮೇತ ಖರ್ಜೂರದ ಮರದ ಹಲಗೆ, ಅದಕ್ಕೆ ಮೊಣಕೈಯುದ್ದದ ಮರದ ಬೀಗ. ಹದಿನೈದು ದಿನ ನಬ್ರಾ ಅದರ ಧೂಳು ಒರೆಸಿದಳು. ಹದಿನಾರನೆಯ ದಿನ ಒದ್ದೆ ಬಟ್ಟೆ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದಳು.

"ಉಸ್ತಾದ್ ವಜೀಹ್, ಬಾ ಇಲ್ಲಿ. ಅಲ್ಲೇನೋ ಬರ್ದಿದ್ದೀಯಲ್ಲ, ಓದು."

ಓದಿದೆ. "ನೂಬಿಯಾದ ಕೈಬಿಟ್ಟ ಮನೆಯೊಂದರ ಬಾಗಿಲು, ಮರದ ಬೀಗದೊಂದಿಗೆ."

"ಕೈಬಿಟ್ಟ ಮನೆ ಅಂದ್ರೆ?"

"ಜನ ಬಿಟ್ಟು ಹೋದ ಮನೆ, ಹಾಜ್ಜಾ." ಹಿರಿಯ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು.

"ಬಿಟ್ಟು ಹೋದೋರು ಯಾರು? ನಿಮ್ಮಪ್ಪನಾ?"

ನಾನು ನಕ್ಕೆ. ಅವಳು ನಗಲಿಲ್ಲ. ಬೀಗದ ಮೇಲೆ ಕೆತ್ತಿದ್ದ ಚೇಳನ್ನು ಬೆರಳಿನಿಂದ ತೋರಿಸಿದಳು. ಅದಕ್ಕೆ ಒಂದು ಬದಿಯ ಇಕ್ಕಳ ಇರಲಿಲ್ಲ. "ಇದನ್ನ ಕೆತ್ತಿದ್ದು ನಮ್ಮಜ್ಜ. ಉಳಿ ಜಾರಿ ಇಕ್ಕಳ ಹಾರಿಹೋಯ್ತು. ಕುಂಟ ಚೇಳು ಕುಂಟ ಚೇಳು ಅಂತ ಅಜ್ಜಿ ಸಾಯೋವರ್ಗೂ ಆಡಿಕೊಳ್ತಿದ್ಲು. ಹದಿನೈದು ದಿನ ನಂಗೇ ನಂಬಿಕೆ ಬರ್ಲಿಲ್ಲ. ಇವತ್ತು ಒರೆಸ್ತಾ ಇಕ್ಕಳದ ಜಾಗಕ್ಕೆ ಕೈ ಹೋಯ್ತು."

ಆಮೇಲೆ ಅವಳು ನಿಂತಲ್ಲೇ ಹೇಳಿದ್ದನ್ನು ನಾನು ಮರೆತಿಲ್ಲ. ಹೊರಡುವ ದಿನ ಅಜ್ಜಿ ಶಾಯಾ ಅಂಗಳ ಗುಡಿಸಿದಳು. ಸತ್ತವರ ಗೋರಿಗಳಿಗೆ ನೀರು ಹೊಯ್ದು ಬಂದಳು. ದಾರಿಹೋಕರಿಗೆ ಇರಲಿ ಎಂದು ಬಾಗಿಲ ಬಳಿಯ ಹೂಜಿ ತುಂಬಿಸಿದಳು, ಗೋಡೆಗೆ ಮುತ್ತಿಟ್ಟಳು, ಬೀಗ ಹಾಕಿ ಕೀಲಿಯನ್ನು ಎದೆಗೆ ಸಿಕ್ಕಿಸಿಕೊಂಡಳು. ಹಡಗು ಕೂಗುತ್ತಲೇ ಇತ್ತು. ಇಲ್ಲಿಗೆ ಬಂದು ಇಳಿದರೆ ನದಿ ಕಣ್ಣಿಗೂ ಬೀಳದಷ್ಟು ದೂರ, ಹಸಿ ಸಿಮೆಂಟು, ಉರಿಯುವ ಬಿಸಿಲು. ಎಂಟು ತಿಂಗಳ ತಮ್ಮ ಶೋಲಿ ಮೊದಲ ಬೇಸಿಗೆಯಲ್ಲೇ ಹೋದ.

"ಆ ವರ್ಷ ನಮ್ಮ ಬೀದೀಲಿ ಒಂದು ತೊಟ್ಟಿಲೂ ತೂಗ್ಲಿಲ್ಲ. ಕೈಬಿಟ್ರಂತೆ! ಬಿಟ್ಟಿದ್ದಕ್ಕೂ ಬಿಡಿಸಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ದೋನಿಗೆ ಲೇಖನಿ ಯಾಕೆ?"

ಅದು ನನಗೆ ಬಿದ್ದ ಏಟು. ಆದರೂ ಹೇಡಿಯ ಮಾತನ್ನೇ ಆಡಿದೆ: "ನಾನು ಬರೆಯೋನು ಅಷ್ಟೇ. ನಿರ್ದೇಶಕರ ಹತ್ರ ಹೋಗಿ."

ಹೋದಳು. ನಿರ್ದೇಶಕ ರಅಫತ್ ಬೇ ಕೈರೋದವರು. ನಮ್ಮ ಊರನ್ನು ಶಿಕ್ಷೆ ಎಂದು ತಿಳಿದಿದ್ದರು. "ಪ್ರತಿಯೊಬ್ಬ ನೂಬಿಯಾ ಮುದುಕೀಗೂ ಒಂದೊಂದು ಬಾಗಿಲು ನೆನಪಿರುತ್ತೆ" ಎಂದು ಎಲ್ಲರೆದುರು ನಕ್ಕರು. ಮರುದಿನ ಅವಳು ಕೀಲಿಯನ್ನೇ ತಂದಳು, ತುದಿಯಲ್ಲಿ ಐದು ಮರದ ಹಲ್ಲುಗಳಿದ್ದ ಕಪ್ಪು ಕೋಲು. ಅವರು ಅಡ್ಡ ನಿಂತರು.

"ಮುಟ್ಟಬೇಡ. ಹಳೇ ವಸ್ತು, ಹಾಳಾಗುತ್ತೆ."

"ದಿನಾ ಒದ್ದೆ ಬಟ್ಟೇಲಿ ಒರೆಸ್ತೀನಲ್ಲ ಬೇ, ಆವಾಗ ಹಾಳಾಗಲ್ವಾ? ಚಿಂದಿ ಹಿಡಿದ್ರೆ ಮುಟ್ಟಬೋದು, ಕೀಲಿ ಹಿಡಿದ್ರೆ ಮುಟ್ಟಬಾರ್ದು. ಹಂಗೇನು?"

ಅದೇ ತಿಂಗಳು ಕೈರೋದಿಂದ ಸುತ್ತೋಲೆ ಬಂತು. ಸಂಗ್ರಹಾಲಯ ಇನ್ನು ಮೇಲೆ ಹಳೆಯ ಸಾಮಾನಿನ ಉಗ್ರಾಣವಾಗಿರಬಾರದು, ಜನರದ್ದಾಗಬೇಕು, ಜೀವ ತುಂಬಿರಬೇಕು. ಜನರು ಅಂದರೆ ಯಾರು ಎಂದು ಸುತ್ತೋಲೆಯಲ್ಲಿ ಬರೆದಿರಲಿಲ್ಲ. ರಅಫತ್ ಬೇ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಕೋಣೆಯ ಉದ್ಘಾಟನೆಗೆ ದೊಡ್ಡವರು, ವಿದೇಶದವರು ಬರುತ್ತಾರೆ. ನಬ್ರಾ ನೂಬಿಯಾದ ಕಪ್ಪು ನಿಲುವಂಗಿ ತೊಟ್ಟು ಆ ಬಾಗಿಲ ಮುಂದೆ ಬೀಸುವ ಕಲ್ಲು ಇಟ್ಟುಕೊಂಡು ಕೂರಬೇಕು.

"ಮಾತಾಡಬೇಡ. ನಗ್ತಾ ಇದ್ರೆ ಸಾಕು" ಎಂದರು.

"ಆಗ್ಲಿ" ಎಂದಳು ನಬ್ರಾ. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ದಿಗಿಲಾಯಿತು.

ಆ ದಿನ ಕೋಣೆ ತುಂಬಿತ್ತು. ಅವಳು ಒಂದು ಹಿಡಿ ಜೋಳ ಬೀಸಿದಳು. ಕ್ಯಾಮೆರಾಗಳು ಮಿಂಚಿದವು. ಆಮೇಲೆ ಎದ್ದು, ನಿಲುವಂಗಿಯ ತೋಳಿನೊಳಗಿಂದ ಕೀಲಿ ತೆಗೆದು ಬೀಗಕ್ಕೆ ತೂರಿಸಿ ಮೇಲಕ್ಕೆತ್ತಿದಳು. ನಲವತ್ತಾರು ವರ್ಷ ಅಲುಗದಿದ್ದ ಅಡ್ಡಪಟ್ಟಿ ಕಿರ್ರೆಂದು ಪಕ್ಕಕ್ಕೆ ಸರಿಯಿತು.

"ಬಿಟ್ಟು ಹೋಗೋರು ಬೀಗ ಹಾಕ್ತಾರಾ?" ಎಂದು ಕೇಳಿದಳು. "ಕೀಲಿ ನನ್ನ ಹತ್ರ ಇತ್ತು. ಮತ್ತೆ ಬಾಗಿಲು ಇಲ್ಲಿಗೆ ಹೆಂಗೆ ಬಂತು? ನೋಡಿ, ಚೌಕಟ್ಟಿಗೆ ಗರಗಸ ಹಾಕಿದ್ದಾರೆ. ಹಾಕಿದೋರು ಯಾರು?"

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು. ನೋಡನೋಡುತ್ತಿದ್ದಂತೆ ಎಲ್ಲರೂ ತಟ್ಟಿದರು. ಅದನ್ನು ಅವರು ಆಟ ಎಂದುಕೊಂಡಿದ್ದರು!

ನಬ್ರಾಳ ಮುಖ ಕಪ್ಪಿಟ್ಟಿತು. "ಚಪ್ಪಾಳೆ ಯಾಕೆ? ನನ್ನ ತಮ್ಮ ಸತ್ತಿದ್ದು ನಾಟಕನಾ? ನಿಲ್ಸಿ!" ಎಂದು ಕಿರುಚಿದಳು. ಇಬ್ಬರು ಕಾವಲುಗಾರರು ತೋಳು ಹಿಡಿದು ಹೊರಗೆ ಕರೆದೊಯ್ದರು. ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ನಾನು ಗೋಡೆಗೆ ಒರಗಿಯೇ ನಿಂತಿದ್ದೆ. ಇವತ್ತಿಗೂ ಆ ಗೋಡೆಯ ಕಡೆ ನೋಡಲು ನನಗೆ ಅಸಹ್ಯ.

ಮುಂದಿನ ಗುರುವಾರ ಬೆಳಿಗ್ಗೆ ಸಾಲುಮನೆಗಳಿಂದ ನಲವತ್ತು ಹೆಂಗಸರು ಬಂದರು. ಗಲಾಟೆ ಇಲ್ಲ, ಘೋಷಣೆ ಇಲ್ಲ. ಎಲ್ಲರಂತೆ ಟಿಕೆಟ್ ಕೊಂಡು ಬಾಗಿಲ ಮುಂದೆ ಸಾಲಾಗಿ ನಿಂತರು. ಮೊದಲನೆಯವಳು ನನ್ನನ್ನು ಕರೆದಳು. "ನಂಗೆ ಓದು ಬರಲ್ಲಪ್ಪ. ಇದೇನು ಬರ್ದಿದ್ದಾರೆ ಹೇಳು." ಓದಿದೆ. ಅವಳು ಸರಿದಳು, ಎರಡನೆಯವಳು ಬಂದಳು. "ನಂಗೂ ಓದು ಬರಲ್ಲ." ಮತ್ತೆ ಓದಿದೆ. ಮೂರನೆಯವಳು ಸಾಲುಮನೆಗಳ ಶಾಲೆಯ ಶಿಕ್ಷಕಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳೂ ಓದು ಬರಲ್ಲ ಎಂದಳು. ನಾನು ಓದಿದೆ. ಕೈಬಿಟ್ಟ ಮನೆ. ಕೈಬಿಟ್ಟ ಮನೆ. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಇಪ್ಪತ್ತನ್ನು ದಾಟುವ ಹೊತ್ತಿಗೆ ನನ್ನದೇ ಅಕ್ಷರಗಳ ಕಡೆ ನೋಡದೆ, ನೆಲ ನೋಡಿಕೊಂಡು ಹೇಳುತ್ತಿದ್ದೆ.

ಸಾಲಿನ ಕೊನೆಗೆ ನಬ್ರಾ ಇದ್ದಳು. ಅವಳ ಸರದಿ ಬಂದಾಗ ನಾನು ಓದಲಿಲ್ಲ. ಫಲಕ ಕಿತ್ತು, ಹಿಂಬದಿಗೆ ತಿರುಗಿಸಿ, ಲೇಖನಿ ತೆಗೆದೆ.

"ಹೇಳು, ಹಾಜ್ಜಾ. ಏನು ಬರೀಲಿ?"

ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಈಗ ಬಂತಾ ಬುದ್ಧಿ? ಬರಿ. ಇದು ಬೀಗ ಹಾಕಿದ ಮನೆಯ ಬಾಗಿಲು. ಮನೆ ಶಾಯಾಳದು, ಅವಳನ್ನ ಎಬ್ಬಿಸಿ ಕಳಿಸಿದ್ರು. ಬೀಗ ಇದ್ದ ಬಾಗಿಲನ್ನ ಕೊಯ್ದು ತಂದೋರು ಹೆಸರು ಹೇಳಿಲ್ಲ."

ಮೂರು ಸಾಲು. ಸಂಜೆಯೊಳಗೆ ರಅಫತ್ ಬೇ ಅದನ್ನು ಕಿತ್ತರು. ನನ್ನನ್ನು ಉಗ್ರಾಣಕ್ಕೆ ಹಾಕಿದರು. ಮುಂದಿನ ಗುರುವಾರ ಹೆಂಗಸರು ಮತ್ತೆ ಬಂದರು, ಖಾಲಿ ಜಾಗ ತೋರಿಸಿ, "ಇಲ್ಲೇನು ಬರ್ದಿದೆ?" ಎಂದು ನಿರ್ದೇಶಕರನ್ನೇ ಕೇಳಿದರು. ಆಮೇಲಿನ ಗುರುವಾರವೂ ಬಂದರು. ಎರಡು ವರ್ಷ ಬಂದರು. ರಅಫತ್ ಬೇ ತಾವಾಗಿಯೇ ಬೇರೆ ಊರು ಬೇಡಿಕೊಂಡು ಹೊರಟುಹೋದರು.

ಹೊಸ ನಿರ್ದೇಶಕಿ ಇಂಜಿ ಒಳ್ಳೆಯ ಹುಡುಗಿ. ಫಲಕವನ್ನು ಹುಡುಕಿಸಿ ಮತ್ತೆ ಬರೆಸಿದಳು, ಆದರೆ ಎರಡೇ ಸಾಲು. ನಬ್ರಾಳ ಮನೆಗೇ ಹೋಗಿ, ಹಾಲು ಹಾಕಿದ ಚಹಾ ಕುಡಿದು, ಶಾಲೆಯ ಮಕ್ಕಳಿಗೆ ಊರಿನ ಕಥೆ ಹೇಳಲು ಬನ್ನಿ ಎಂದು ಕರೆದಳು. "ಮೂರನೇ ಸಾಲು ಎಲ್ಲಿ ಹೋಯ್ತಮ್ಮ?" ಎಂದಳು ನಬ್ರಾ. "ಅದನ್ನ ಹಾಕಿದ ದಿನ ಬರ್ತೀನಿ." ಮೇಲಿನವರೊಂದಿಗೆ ಗುದ್ದಾಡಿ ಇಂಜಿ ಅದನ್ನು ಹಾಕಿಸುವುದಕ್ಕೆ ಇನ್ನೂ ಮೂರು ವರ್ಷ ಹಿಡಿಯಿತು.

ಆ ದಿನ ನಬ್ರಾ ಬಂದಳು. ಮೊಮ್ಮಗಳಿಂದ ಮೂರೂ ಸಾಲು ಓದಿಸಿ ಕೇಳಿದಳು. ಇಂಜಿಯ ಕಣ್ಣು ತುಂಬಿತ್ತು.

"ಈಗ ಸಮಾಧಾನ ಆಯ್ತಾ, ಅಮ್ಮಾ?"

"ಸಮಾಧಾನ?" ನಬ್ರಾ ಅವಳ ಕಡೆ ತಿರುಗಿದಳು. "ಕಳ್ಳಮಾಲು ಅಂತ ಬರ್ದು ಅಲ್ಲೇ ತೂಗುಹಾಕಿದ್ದೀರಿ, ನನ್ನ ಸಮಾಧಾನ ಕೇಳ್ತೀರಿ. ಬಾಗಿಲು ಯಾವಾಗ ಕೊಡ್ತೀರಿ, ಅದನ್ನ ಹೇಳಿ."

ಬಾಗಿಲು ವಾಪಸ್ಸು ಬೇಕೆಂದು ಕೈರೋಗೆ ಒಂದು ಅರ್ಜಿಯನ್ನು ಅಂದೇ ನಾನು ಬರೆದುಕೊಟ್ಟೆ, ನಬ್ರಾ ಹೆಬ್ಬೆಟ್ಟು ಒತ್ತಿದಳು. ಈಗ ನಾನು ನಿವೃತ್ತ. ಅವಳು ಮಕ್ಕಳಿಗೆ ಕಥೆ ಹೇಳಿ ಮುಗಿಸಿದ ಮೇಲೆ ನಿರ್ದೇಶಕಿಯ ಕೋಣೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾಳಂತೆ. "ಇವತ್ತೂ ಉತ್ತರ ಬಂದಿಲ್ಲಮ್ಮ" ಎಂದು ಇಂಜಿ ಹೇಳಿದರೆ, "ನಂಗೇನೂ ಅವಸರ ಇಲ್ಲ, ಆವತ್ತಿನ ಹಂಗೆ ಹಡಗು ಕೂಗ್ತಿಲ್ಲ" ಎನ್ನುತ್ತಾಳಂತೆ.